ನಾನು ಹಾಕಿದ ಬಾಗಿಲು

ಹಿಂದವಾಡಿಯ ನಮ್ಮ ಮನೆಯಲ್ಲಿ ನನ್ನ ಮಗಳ ಮದುವೆಗೆ ತಂಗಿ ಗೌರಿ ಕರೆಸಿದ್ದ ಬಳೆಗಾರ್ತಿ ನನ್ನ ಕೈ ಹಿಡಿದಾಗಲೇ ಗುರುತು ಸಿಕ್ಕಿತು. ಅವಳು ನಮ್ಮ ತವರೂರು ಖಾನಾಪುರದಲ್ಲಿ ಗೌರಿಯ ಬಾಲ್ಯದ ಗೆಳತಿಯಾಗಿದ್ದ, ಪಕ್ಕದ ಮನೆಯ ಶಬಾನಾ.

ಅಣ್ಣ ಕಾರ್ಗಿಲ್ ಯುದ್ಧದಲ್ಲಿ ಕಾಲು ಕಳೆದುಕೊಂಡು ಬಂದಾಗ, ಆ ಸಿಟ್ಟನ್ನು ನಾನು ಈ ಮುಸ್ಲಿಂ ಹುಡುಗಿಯ ಮೇಲೆ ತೀರಿಸಿಕೊಂಡಿದ್ದೆ. ಆಡಲು ಬಂದವಳಿಗೆ, ಗೌರಿಗೆ ನೀನು ಬೇಡವಂತೆ ಎಂದು ಸುಳ್ಳು ಹೇಳಿ ಬಾಗಿಲು ಹಾಕಿದ್ದೆ.

ಈಗ ಎಲ್ಲರೆದುರು ಅದನ್ನು ಒಪ್ಪಿಕೊಂಡೆ. ಶಬಾನಾ ಬಳೆ ಏರಿಸುತ್ತಲೇ ಹೇಳಿದಳು: "ಗೊತ್ತೈತಿ ಅಕ್ಕಾರ. ಅವತ್ತ ಸಂಜಿಕೇ ಗೌರಿ ಹಿತ್ತಲ ಗ್ವಾಡಿ ಹಾರಿ ಆಡಾಕ ಬಂದಿದ್ಲು. ಕೈ ಸಡಿಲ ಬಿಡ್ರಿ, ಬಳಿ ಒಡೀತಾವ."

"ಅವತ್ತೊಂದ ಅಲ್ಲ, ದಿನಾ ಹಾರತಿದ್ದೆ," ಎಂದು ಗೌರಿ ನಕ್ಕಳು.

ತಪ್ಪು ನನ್ನದೇ. ಆದರೆ ಆ ಇಬ್ಬರು ಪುಟ್ಟ ಹುಡುಗಿಯರೆದುರು ನಾನು ಅವತ್ತೇ ಸೋತಿದ್ದೆ. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟಿದ್ದು ಇದೇ ಮೊದಲು.