ಏಳು ಮಾವಿನ ಮರಗಳ ಪಂಚನಾಮೆ

ಮುಂಬೈ ದಹಿಸರ್‌ನ ನಮ್ಮ ಕಟ್ಟಿಗೆ ವಖಾರಿಗೆ ಪ್ರತಿ ಮೇ ತಿಂಗಳು ಒಂದು ಬುಟ್ಟಿ ಮಾವಿನಹಣ್ಣು ಬರುತ್ತಿತ್ತು. ತರುತ್ತಿದ್ದವರು ಅಪ್ಪನ ಊರಿನವರೊಬ್ಬರು. ಹರೆಯದಲ್ಲಿ ವಿಜಯಪುರದ ಕಡೆಯಿಂದ ಮಾಲಿ ಕೆಲಸಕ್ಕೆ ಬಂದು, ವಿರಾರ್ ಆಚೆ ಚೂರು ನೆಲ ಕೊಂಡು ತೋಟ ಮಾಡಿದ್ದರು. ಅಪ್ಪ ಅವರನ್ನು ಕಾಕಾ ಎನ್ನುತ್ತಿದ್ದ, ಹಾಗಾಗಿ ನನಗೂ ಕಾಕಾ. ಬುಟ್ಟಿ ಇಳಿಸಿದ ಕೂಡಲೇ ಪೊರಕೆ ಕೇಳಿ ವಖಾರಿನ ಮರದ ಹೊಟ್ಟು ಗುಡಿಸಲು ನಿಲ್ಲುತ್ತಿದ್ದರು. ಚೆಲ್ಲಾಪಿಲ್ಲಿ ಬಿದ್ದದ್ದನ್ನು ಕಂಡರೆ ಅವರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಚಂಡಮಾರುತ ಬಂದ ವರ್ಷ ಅವರ ಒಂಬತ್ತು ಮರಗಳಲ್ಲಿ ಏಳು ಬುಡಸಮೇತ ಬಿದ್ದವು. ಸುದ್ದಿ ಕೇಳಿ ಅಪ್ಪ ಫೋನಿನಲ್ಲಿ ಹೇಳಿದ್ದು ನನಗಿನ್ನೂ ನೆನಪಿದೆ.

“ಕಾಕಾ, ಮಾವಿನ ಕಟ್ಟಿಗಿ ಮಳ್ಯಾಗ ಬಿಟ್ರ ಕೊಳಿತದ. ನಾಳೇನ ಟೆಂಪೋದಾಗ ಹಾಕಿ ಕಳಸ್ರಿ.”

ವ್ಯಾಪಾರದ ಆಸೆಗೆ ಹೇಳಿದ ಮಾತಲ್ಲ, ಒಳ್ಳೆಯದಕ್ಕೇ ಹೇಳಿದ್ದ. ಕಾಕಾ ಕಳಿಸಿದರು. ಬೇರೆ ಕಟ್ಟಿಗೆಯ ಜೊತೆ ಬೆರೆಯದಿರಲೆಂದು ದಿಮ್ಮಿಗಳ ಮೇಲೆ ಕೆಂಪು ಬಣ್ಣದಲ್ಲಿ ಒಂದರಿಂದ ಏಳರವರೆಗೆ ನಂಬರು ಬರೆದಿದ್ದರು. ಆಮೇಲೆ ಗುಂಡಿ ಮುಚ್ಚಿ, ನೆಲ ಸಮ ಮಾಡಿ, ಏಳು ಸಸಿ ನೆಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಎಂಬುದನ್ನು ಪೂರ್ತಿ ನಂಬಿದ್ದ ಮನುಷ್ಯ.

ಅದೇ ವಾರದ ಮಳೆಗೆ ನಮ್ಮ ವಖಾರಿಗೂ ನೀರು ನುಗ್ಗಿತು. ಪಂಚನಾಮೆ ಆಗುವ ತನಕ ಒಂದು ಚೆಕ್ಕೆಯನ್ನೂ ಅಲ್ಲಾಡಿಸಬೇಡಿ ಎಂದು ಪಕ್ಕದ ಅಂಗಡಿಯವನು ಬುದ್ಧಿ ಹೇಳಿದ. ಪಂಚನಾಮೆ ಅಂದರೆ, ಹಾಳಾದದ್ದನ್ನು ಅಧಿಕಾರಿ ಕಣ್ಣಾರೆ ನೋಡಿ, ಫೋಟೋ ತೆಗೆದು, ಬರೆದುಕೊಂಡು ಹೋಗುವುದು. ನಾವು ಕೆಸರಿನಲ್ಲೇ ಓಡಾಡುತ್ತ ಕಾದೆವು. ಅಧಿಕಾರಿಗಳು ಬಂದರು. ಆ ಏಳು ದಿಮ್ಮಿಗಳ ಪಕ್ಕ ಅಪ್ಪ ಮುಖ ಸಪ್ಪೆ ಮಾಡಿಕೊಂಡು ನಿಂತ, ಫೋಟೋ ಆಯಿತು, ಪರಿಹಾರವೂ ಬಂತು. ಸರಕಾರ ಸೋಮಾರಿಗಳಿಗೆ ಬಹುಮಾನ ಕೊಡುತ್ತದೆ ಎಂದು ನಾನು ನಕ್ಕಿದ್ದೆ. ಆ ನಗು ನೆನೆದರೆ ಈಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಕಾಕಾರ ತೋಟಕ್ಕೆ ಊರಿನ ಕಂದಾಯ ಲೆಕ್ಕ ನೋಡುವ ತಲಾಠಿ ಹೋದದ್ದು ಹನ್ನೆರಡನೆಯ ದಿನ. ನೆಲ ಸಪಾಟಾಗಿತ್ತು, ಸಸಿಗಳಿಗೆ ಆಗಷ್ಟೇ ನೀರು ಹಾಕಿದ್ದರು. ಬಿದ್ದ ಮರ ಎಲ್ಲಿ ಎಂದು ಕೇಳಿದ. ಹಾನಿ ಇಲ್ಲ ಎಂದು ಬರೆದು ಹೊರಟುಹೋದ. ಸಸಿ ಕಾಯಿ ಬಿಡುವ ತನಕ ಗಂಡ ಹೆಂಡತಿ ಇಬ್ಬರೂ ಆ ಪರಿಹಾರವನ್ನೇ ನೆಚ್ಚಿಕೊಂಡಿದ್ದರು.

ಅಪ್ಪ ನಮ್ಮ ಫೋಟೋ ಹಿಡಿದು ಕಾಕಾರ ಜೊತೆ ಕಚೇರಿಗೆ ಹೋದ. ನಾನೂ ಇದ್ದೆ. ದಿಮ್ಮಿಗಳ ಮೇಲಿನ ಕೆಂಪು ನಂಬರು ತೋರಿಸಿ, ಇವೇ ಆ ಮರಗಳು ಎಂದ. ಸಾಹೇಬರು ಒರಟಾಗಿಯೇನೂ ಮಾತಾಡಲಿಲ್ಲ. ಈ ಕಟ್ಟಿಗೆಗೆ ನಿಮ್ಮ ಹೆಸರಲ್ಲಿ ಪರಿಹಾರ ಹೋಗಿದೆಯಲ್ಲ, ಒಂದೇ ಮರಕ್ಕೆ ಎರಡು ಸಲ ಕೊಡಲಾಗದು ಎಂದರು.

ಹೊರಗೆ ಬಂದು ಅಪ್ಪ, ನಮಗೆ ಬಂದದ್ದನ್ನು ನೀವು ಇಟ್ಟುಕೊಳ್ಳಿ ಎಂದು ಅಂಗಲಾಚಿದ. ಕಾಕಾ ಬೇಡವೆಂದು ತಲೆಯಾಡಿಸಿದರು.

“ನಿಂದೇನ ತಪ್ಪದ ತಮ್ಮಾ? ನಾನ ಲಗೂನ ಸ್ವಚ್ಛ ಮಾಡಿಬಿಟ್ಟೆ.”

ಎರಡು ಮಾತು ಬೈದಿದ್ದರೆ ನಮಗೆ ಹಗುರಾಗುತ್ತಿತ್ತು.

ಮರುವರ್ಷ ಬುಟ್ಟಿ ಬರಲಿಲ್ಲ. ಜೂನಿನಲ್ಲಿ ನಾವೇ ಹೋದೆವು. ಉಳಿದಿದ್ದ ಎರಡು ಮರಗಳಲ್ಲಿ ಒಂದು ಗಾಳಿಗೆ ಬಿದ್ದು ತಿಂಗಳಾಗಿತ್ತಂತೆ. ಬಾವಿಯ ದಾರಿಗೆ ಅಡ್ಡ ಬಿದ್ದಿತ್ತು. ಕಾಕಾರ ಹೆಂಡತಿ ತುಂಬಿದ ಕೊಡ ಹೊತ್ತು ಕೊಂಬೆ ದಾಟಿ ಬರುತ್ತಿದ್ದರು. ಅದು ಬರೀ ಗಾಳಿ, ಚಂಡಮಾರುತವಲ್ಲ, ಪಂಚನಾಮೆಗೆ ಯಾರೂ ಬರುವುದಿಲ್ಲ ಎಂದು ನಮಗೆ ಗೊತ್ತಿತ್ತು. ಕಾಕಾರಿಗೆ ಹೇಗೆ ಹೇಳುವುದು?

ಮರದಡಿ ಎರಡು ಸಸಿ ಸಿಕ್ಕಿಕೊಂಡಿದ್ದವು. ಒಂದು ಇನ್ನೂ ಹಸಿರಾಗಿತ್ತು. ಅದರ ಮೇಲಿನ ಟೊಂಗೆ ಸರಿಸಲು ಅಪ್ಪ ಬಗ್ಗಿದ. ಕಾಕಾ ಲಗುಬಗೆಯಿಂದ ಬಂದು ಅವನ ಕೈ ಹಿಡಿದರು.

“ಮುಟ್ಟಬ್ಯಾಡ ತಮ್ಮಾ. ಸಾಹೇಬ್ರು ಬಂದು ನೋಡ್ಲಿ.”