ಎರಡು ಕರಿ, ಎರಡು ಕೆಂಪು

ಕುರಕುಂಟಾ ಊರಿನ ನರಸಪ್ಪನ ಶಾಲೆ ಮೂರನೇ ಇಯತ್ತೆಗೇ ಮುಗಿಯಿತು. ಆದರೆ ಇಸ್ಪೀಟು ಎಲೆ ಎಷ್ಟು ಬಗೆಯಲ್ಲಿ ಬೀಳಬಹುದೆಂದು ಕಟ್ಟೆಯ ಮೇಲೆ ಹರವಿ ಎಣಿಸುವುದರಲ್ಲಿ ಅವನನ್ನು ಮೀರಿಸಿದವರನ್ನು ನಾನು ಕಂಡಿಲ್ಲ. ನಾನೂ ಗುರುವಿಲ್ಲದೆ ಲೆಕ್ಕ ಕಲಿತವನು, ಹೇಳುವ ಹಕ್ಕು ನನಗಿದೆ.

ಸಾವಿರದ ಒಂಬೈನೂರ ಅರವತ್ತರ ಸುಮಾರಿಗೆ ಅವನೂ ತಮ್ಮ ಸಂಗಣ್ಣನೂ ವಾಡಿ ಹತ್ತಿರ ಒಬ್ಬ ಗುತ್ತೇದಾರನ ಕಲ್ಲಿನ ಖಣಿಯಲ್ಲಿ ಬಂಡೆಗೆ ಕೊರೆದ ಕುಳಿಗಳಿಗೆ ಸಿಡಿಮದ್ದು ತುಂಬುತ್ತಿದ್ದರು. ಜೊತೆಗೆ ಗುರುಲಿಂಗಪ್ಪ, ಅಯ್ಯಪ್ಪ. ಬತ್ತಿ ಹಚ್ಚಿದ ಮೇಲೆ ಯಾವುದಾದರೂ ಕುಳಿ ಸಿಡಿಯದೆ ಉಳಿದರೆ ಇಬ್ಬರು ಇಳಿದು ನೋಡಬೇಕು. ಯಾರೆಂದು ಮೇಸ್ತ್ರಿ ಹೇಳುತ್ತಿರಲಿಲ್ಲ. ಎರಡು ಕರಿ ಎಲೆ, ಎರಡು ಕೆಂಪು ಎಲೆ ಕಲಸಿ ಬೋರಲು ಇಡುವುದು. ಕರಿ ಎತ್ತಿದವರು ಇಳಿಯುವುದು. ಅದು ಅವರವರೇ ಮಾಡಿಕೊಂಡ ಕಟ್ಟಳೆ.

ಒಮ್ಮೆ ಅಣ್ಣತಮ್ಮ ಇಬ್ಬರಿಗೂ ಕರಿ ಬಂತು. ಮದ್ದು ತೊಯ್ದಿತ್ತು, ಬದುಕಿಕೊಂಡರು. ಸುದ್ದಿ ಕೇಳಿದ ತಾಯಿ ಹಣಮಮ್ಮ, ಇನ್ನು ಮುಂದೆ ಇಬ್ಬರೂ ಕೂಡಿ ಇಳಿಯಕೂಡದೆಂದು ಹಟ ಹಿಡಿದಳು.

ನರಸಪ್ಪ ಎಲೆ ಹರವಿದ. ನಾಲ್ವರಲ್ಲಿ ಇಬ್ಬರು ಇಳಿಯುವುದಾದರೆ ಆರು ಜೋಡಿ. ಒಬ್ಬೊಬ್ಬನೂ ಮೂರರಲ್ಲಿ ಇರುತ್ತಾನೆ. ಅಣ್ಣತಮ್ಮರ ಜೋಡಿ ತೆಗೆದರೆ ಐದು. ಅದರಲ್ಲಿ ಅಣ್ಣತಮ್ಮರು ಎರಡೆರಡು ಕಡೆ, ಮಿಕ್ಕವರು ಮೂರು ಮೂರು ಕಡೆ.

“ನಿಮ್ಮವ್ವನ ಜೀವ ತಂಪಿರ್ಲಿ ಅಂತ ನನ್ನ ಹೇಂತಿ ಕೈಯಾಗಿನ ಬಳಿ ಒಡಕೋಬೇಕೇನೋ?” ಎಂದ ಗುರುಲಿಂಗಪ್ಪ.

ಮಾತು ನ್ಯಾಯದ್ದೇ. ನರಸಪ್ಪನು ಗುರುಲಿಂಗಪ್ಪ-ಅಯ್ಯಪ್ಪರ ಜೋಡಿಯನ್ನೂ ತೆಗೆದ. ಉಳಿದದ್ದು ನಾಲ್ಕು, ಎಲ್ಲರೂ ಎರಡೆರಡರಲ್ಲಿ. ಅಂದರೆ ಅಣ್ಣತಮ್ಮರು ತಮ್ಮೊಳಗೇ ಒಂದು ಕರಿ, ಒಂದು ಕೆಂಪು ಎತ್ತುವುದು, ಉಳಿದಿಬ್ಬರು ತಮ್ಮೊಳಗೇ ಹಾಗೆಯೇ ಎತ್ತುವುದು. ಯಾರ ಕಡೆಗೂ ತಕ್ಕಡಿ ಬಾಗಲಿಲ್ಲ. ಎಲ್ಲರೂ ಹೂಂ ಅಂದರು.

ಮಳೆಗಾಲ ಕಳೆದು ಮತ್ತೊಂದು ಕುಳಿ ಸಿಡಿಯದೆ ಉಳಿಯಿತು. ಸಂಗಣ್ಣನಿಗೆ ಕರಿ, ಅಯ್ಯಪ್ಪನಿಗೆ ಕರಿ. ಇಬ್ಬರೂ ಬಗ್ಗಿ ನೋಡುತ್ತಿದ್ದಾಗಲೇ ಕುಳಿ ಹಾರಿತು.

ಇಬ್ಬರನ್ನೂ ಮಣ್ಣು ಮಾಡಿ ಬಂದ ಮೇಲೆ ಹಣಮಮ್ಮ ನರಸಪ್ಪನನ್ನು ಎದುರಿಗೆ ಕೂಡಿಸಿಕೊಂಡಳು.

“ಮೊದಲಿನ ಪದ್ಧತಿಯಾಗ ನೀವಿಬ್ರೂ ಮ್ಯಾಲೇ ಉಳಿಯೋದು ಇತ್ತೇನಪಾ?”

“ಇತ್ತವ್ವಾ. ಆರರಾಗ ಒಂದು.”

“ಈಗಿಂದ್ರಾಗ?”

“ಇರಲಿಲ್ಲ. ಒಬ್ಬವ ಇಳೀಲೇಬೇಕಿತ್ತು.”

ಲೆಕ್ಕ ತಪ್ಪಿರಲಿಲ್ಲ. ನಾನೂ ಮಾಡಿ ನೋಡಿದ್ದೇನೆ. ಹಣಮಮ್ಮ ಬಯ್ಯಲೂ ಇಲ್ಲ, ಅಳಲೂ ಇಲ್ಲ. ಸಾಯುವ ತನಕ ಅವನಿಗೆ ರೊಟ್ಟಿ ಬಡಿದು ಹಾಕಿದಳು. ಆದರೆ ಕೈಗೆ ಕೊಡಲಿಲ್ಲ. ಒಲೆಯ ಮಗ್ಗುಲಿಗೆ ಇಟ್ಟು ಎದ್ದು ಹೊರಗೆ ಹೋಗುತ್ತಿದ್ದಳು.