ಮೇಸ್ತ್ರಿಗೆ ಬಿಸಿಲಿನ ಕೊರತೆ

ಕಳಸದ ನಮ್ಮ ಲ್ಯಾಬಿಗೆ ಎಸ್ಟೇಟ್ ಮೇಸ್ತ್ರಿಯೊಬ್ಬರು ಹೆಂಡತಿ ಜೊತೆ ರಿಪೋರ್ಟಿಗೆ ಬಂದರು. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಮೇಸ್ತ್ರಿಯ ವೀರ್ಯಾಣು ಕಡಿಮೆಯಿತ್ತು, ಬಿಸಿಲಿನಿಂದ ಸಿಗುವ ವಿಟಮಿನ್ ಡಿ ಕೂಡ.

"ದಿನವಿಡೀ ತೋಟದಲ್ಲಿರೋನಿಗೆ ಬಿಸಿಲಿನ ಕೊರತೆಯಾ ಮಾರಾಯ್ರೆ?" ಎಂದರು, ಮುಖ ಸಣ್ಣದು ಮಾಡಿಕೊಂಡು.

"ಕಾಫಿ ತೋಟ ಅಂದ್ರೆ ನೆರಳೇ ಅಲ್ವಾ? ಆದ್ರೆ ಮಕ್ಕಳಾಗದ್ದಕ್ಕೆ ಅದೇ ಕಾರಣ ಅಂತ ಹೇಳೋಕಾಗಲ್ಲ, ಡಾಕ್ಟರಿಗೆ ತೋರಿಸಿ" ಎಂದೆ.

ಹೆಂಡತಿ ಮೆಲ್ಲಗೆ ಹೇಳಿದರು: "ಕಾಫಿ ಕಾಯಿ ಕಟ್ಟದಿದ್ರೆ ಇವರು ಗಿಡನ ಬಯ್ಯಲ್ಲ. ಮರಗಸಿ ಮಾಡಿಸಿ, ನೆರಳಿನ ಮರದ ಕೊಂಬೆ ಇಳಿಸಿ ಬೆಳಕು ಬಿಡಿಸ್ತಾರೆ. ಮನೇಲಿ ಮಾತ್ರ ಆರು ವರ್ಷ ನನ್ನೊಬ್ಬಳಿಗೇ ಮದ್ದು."

ಮೇಸ್ತ್ರಿ ರಿಪೋರ್ಟ್ ಮಡಚಿ ಜೇಬಿಗಿಟ್ಟು ಹೊರಟರು. ಹೊರಗೆ ಚುರುಕು ಬಿಸಿಲಿತ್ತು. ಅಭ್ಯಾಸದಂತೆ ಕೊಡೆ ಬಿಚ್ಚಿದವರು ಅದನ್ನು ಹೆಂಡತಿಯ ಕೈಗೆ ಕೊಟ್ಟು, ತಾವು ಬರೀ ತಲೆಯಲ್ಲಿ ನಡೆದರು. ಡಾಕ್ಟರಿನ್ನೂ ಏನೂ ಬರೆದುಕೊಟ್ಟಿರಲಿಲ್ಲ. ಇವರು ಮದ್ದು ಶುರು ಮಾಡಿಬಿಟ್ಟಿದ್ದರು.